ಹಳೇ ಬೋಟಿನ ಸ್ಟೇರಿಂಗ್ ಬಿಗಿಯಾಯಿತಾ? ಬಿಚ್ಚುವುದು, ನೋಡುವುದು, ಹೊಸದು ಹಾಕುವುದು

ಸಾಗರದಲ್ಲಿ ನನ್ನದೊಂದು ಟ್ರ್ಯಾಕ್ಟರ್ ಗ್ಯಾರೇಜ್ ಇದೆ. ಮನೆ ಶರಾವತಿ ಹಿನ್ನೀರಿನ ಈ ದಡದಲ್ಲಿ, ಅಡಿಕೆ ತೋಟ ಆ ದಡದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ಏರಿದಾಗ ಅಜ್ಜನ ಗದ್ದೆ ಪೂರ್ತಿ ಮುಳುಗಿತು. ಗುಡ್ಡದ ಮೇಲಿದ್ದ ತೋಟದ ತುಂಡೊಂದು ಮಾತ್ರ ಉಳಿಯಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲಿ ಶುರುವಾದ ಮೇಲೆ ತುಮರಿ ಕಡೆಯವರಿಗೆ ತುಂಬಾ ಅನುಕೂಲ ಆಗಿದೆ. ಲಾಂಚಿಗೆ ಕಾಯುವ ಕಷ್ಟ ನೋಡಿದವರಿಗೆ ಅದರ ಬೆಲೆ ಗೊತ್ತು. ಆದರೆ ನಮ್ಮ ತೋಟಕ್ಕೆ ಸೇತುವೆ ಮೇಲೆ ಹೋದರೆ ಸುತ್ತು ಜಾಸ್ತಿ. ಬೋಟಿನಲ್ಲಿ ಇಪ್ಪತ್ತು ನಿಮಿಷ ಸಾಕು. ಹಾಗಾಗಿ ಅಪ್ಪಯ್ಯ ಕರಾವಳಿಯಿಂದ ತಂದ ಹಳೇ ಫೈಬರ್ ಬೋಟನ್ನೇ ಇನ್ನೂ ಓಡಿಸುತ್ತಿದ್ದೇವೆ. 16 ಅಡಿ ಉದ್ದ, ಹಿಂದೆ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ತಗುಲಿಸಿದ್ದು.

ಈ ಬರಹ ಅಂಥ ಬೋಟು ಇಟ್ಟುಕೊಂಡವರಿಗೆ. ವೀಲ್ ತಿರುಗಿಸಿದರೆ ಕೇಬಲ್ ಮೂಲಕ ಎಂಜಿನ್ ತಿರುಗುವ ಬೋಟುಗಳಿಗೆ ಮಾತ್ರ ಇದು ಹೊಂದುತ್ತದೆ.

ಎರಡು ವರ್ಷದ ಹಿಂದಿನ ಮಾತು. ಏಪ್ರಿಲ್ ತಿಂಗಳು, ನೀರು ಕೆಳಗಿಳಿದಿತ್ತು. ಆಗ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ತಲೆ ಎತ್ತುತ್ತವೆ. ಕೆಲವು ಕಾಣುತ್ತವೆ, ಕೆಲವು ನೀರಿನಿಂದ ಗೇಣು ಕೆಳಗೇ ನಿಂತಿರುತ್ತವೆ. ಅಮ್ಮ ಗೊಬ್ಬರದ ಚೀಲದ ಮೇಲೆ ಕೂತಿದ್ದರು. ಬೊಡ್ಡೆಯೊಂದನ್ನು ತಪ್ಪಿಸಲು ವೀಲನ್ನು ಬಲಕ್ಕೆ ತಿರುಗಿಸಿದೆ. ತಿರುಗಿತು. ವಾಪಸ್ ಬರಲಿಲ್ಲ. ಬೋಟು ಬಲಕ್ಕೇ ಸುತ್ತುತ್ತಾ ಇನ್ನೊಂದು ಬೊಡ್ಡೆಯ ಕಡೆ ಹೊರಟಿತು. ಎಂಜಿನ್ ನಿಲ್ಲಿಸಿ, ಹುಟ್ಟಿನಿಂದ ಬೊಡ್ಡೆಗೆ ಒತ್ತು ಕೊಟ್ಟು ನಿಲ್ಲಿಸಿದೆ. ಪಕ್ಕೆ ಸವರಿತು, ಅಷ್ಟೇ. ಅಮ್ಮ ಹೇಳಿದ್ದು ಒಂದೇ ಮಾತು: "ಅಪ್ಪಿ, ಮೊದ್ಲು ಇದನ್ನ ಸರಿ ಮಾಡು."

ವೀಲ್ ಬಿಗಿಯಾಗಿದ್ದು ಆವತ್ತಲ್ಲ. ಅದಕ್ಕೂ ನಾಲ್ಕು ತಿಂಗಳು ಮೊದಲೇ ಬಿಗಿಯಾಗಿತ್ತು. ನಾನು ಸುಮ್ನೆ ಗ್ರೀಸ್ ಹೊಡೆಯುತ್ತಾ ಬಂದಿದ್ದೆ. ಟ್ರ್ಯಾಕ್ಟರಿನಲ್ಲಿ ಆ ಅಭ್ಯಾಸ ನಡೆಯುತ್ತದೆ. ಸ್ಟೇರಿಂಗ್ ಕೈಕೊಟ್ಟರೆ ಬ್ರೇಕ್ ಒತ್ತಿ ನಿಲ್ಲಬಹುದು. ನೀರಿನಲ್ಲಿ ಬ್ರೇಕ್ ಇಲ್ಲ. ಬಿಗಿಯಾದ ಸ್ಟೇರಿಂಗಿಗೆ ಗ್ರೀಸ್ ಹೊಡೆಯುವ ಮೊದಲು, ಯಾವ ಭಾಗ ಬಿಗಿಯಾಗಿದೆ ಅಂತ ಬಿಚ್ಚಿ ನೋಡಿ. ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಇದನ್ನೇ.

ಒಳಗೆ ಏನೇನಿದೆ

ವೀಲ್ ಹಿಂದೆ ಒಂದು ಗೇರ್ ಡಬ್ಬಿ ಇರುತ್ತದೆ. ಇದಕ್ಕೆ ಹೆಲ್ಮ್ ಅನ್ನುತ್ತಾರೆ. ಅದರಿಂದ ಒಂದು ದಪ್ಪ ಕೇಬಲ್ ಹೊರಟು ಬೋಟಿನ ಪಕ್ಕೆಯಲ್ಲೇ ಹಿಂದೆ ಬರುತ್ತದೆ. ಸೈಕಲ್ಲಿನ ಬ್ರೇಕ್ ಕೇಬಲ್ ಎಳೆಯುವುದು ಮಾತ್ರ. ಇದು ಎಳೆಯುತ್ತದೆ, ತಳ್ಳುತ್ತದೆ, ಎರಡೂ ಮಾಡುತ್ತದೆ. ಕೇಬಲ್ ತುದಿಯಲ್ಲಿ ಹೊಳೆಯುವ ಸ್ಟೀಲ್ ಸರಳು ಇದೆ, 5/8 ಇಂಚು ದಪ್ಪ. ಆ ಸರಳು ಎಂಜಿನ್ ಬ್ರಾಕೆಟ್ಟಿನ ಟಿಲ್ಟ್ ಟ್ಯೂಬ್ ಒಳಗೆ ತೂರಿ ಇನ್ನೊಂದು ಕಡೆ ಹೊರಬರುತ್ತದೆ. ಎಂಜಿನ್ ಮೇಲೆತ್ತುವಾಗ ಅದು ತಿರುಗುವುದೂ ಇದೇ ಟ್ಯೂಬಿನ ಮೇಲೆ. ಸರಳಿನ ತುದಿಗೂ ಎಂಜಿನ್ ತೋಳಿಗೂ ನಡುವೆ ಒಂದು ಲಿಂಕ್ ರಾಡ್. ವೀಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದರೆ ಸರಳು ಸುಮಾರು 9 ಇಂಚು ಓಡಾಡುತ್ತದೆ.

ಜಾಸ್ತಿ ತೊಂದರೆ ಕೊಡುವುದು ಟಿಲ್ಟ್ ಟ್ಯೂಬ್ ಮತ್ತು ಕೇಬಲ್. ನಮ್ಮ ಕಡೆ ನೀರು ಸಿಹಿ, ಸಮುದ್ರದಷ್ಟು ತುಕ್ಕು ಇಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೋಟು ಶೆಡ್ಡಿನಲ್ಲಿ ಅಲುಗಾಡದೆ ಕೂರುತ್ತದೆ. ಮಳೆಗಾಲದ ತೇವಕ್ಕೆ ಗೋಡೆಗೇ ಪಾಚಿ ಕಟ್ಟುತ್ತದೆ, ಟ್ಯೂಬಿನೊಳಗಿನ ಪಸೆ ಆರುತ್ತದಾ? ಅಲ್ಲಿರುವ ಹಳೇ ಗ್ರೀಸ್ ಗಟ್ಟಿಯಾಗಿ ಸರಳನ್ನು ಹಿಡಿದುಕೊಳ್ಳುತ್ತದೆ. ಕರಾವಳಿಯಲ್ಲಿ ಓಡಿ ಬಂದ ಬೋಟಾದರೆ ಉಪ್ಪಿನ ತುಕ್ಕೂ ಒಳಗೆ ಇರುತ್ತದೆ. ನಮ್ಮದರಲ್ಲಿ ಇತ್ತು.

ಬಿಗಿ ಎಲ್ಲಿದೆ ಅಂತ ಹುಡುಕುವುದು

ಬೋಟು ದಡದ ಮೇಲಿರಲಿ. ಎಂಜಿನ್ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಂಜಿನ್ ಪೂರ್ತಿ ಕೆಳಗಿರಲಿ, ನೇರವಾಗಿರಲಿ. ಪ್ರೊಪೆಲ್ಲರ್ ನೆಲಕ್ಕೆ ತಾಗದಂತೆ ಹಿಂಬದಿ ಸ್ವಲ್ಪ ಎತ್ತರದಲ್ಲಿರಬೇಕು.

ಮೊದಲು ಲಿಂಕ್ ರಾಡನ್ನು ಸರಳಿನ ತುದಿಯಿಂದ ಬಿಡಿಸಿ. ಒಂದೇ ನಟ್. ಈಗ ಎಂಜಿನ್ನಿಗೂ ವೀಲಿಗೂ ಸಂಬಂಧ ಕಡಿದಿದೆ. ಎಂಜಿನ್ ಹಿಡಿದು ಎಡಕ್ಕೂ ಬಲಕ್ಕೂ ತಳ್ಳಿ. ಒಂದು ಕೈಯಲ್ಲಿ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಕೇಬಲ್ ಪಾಪ, ಅದರ ತಪ್ಪೇನೂ ಇಲ್ಲ. ಎಂಜಿನ್ ನಿಂತು ತಿರುಗುವ ಸ್ವಿವೆಲ್ ಬ್ರಾಕೆಟ್ಟಿನಲ್ಲಿ ಗ್ರೀಸ್ ನಿಪ್ಪಲ್ ಇರುತ್ತದೆ. ಹಳೇ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಗನ್ನಿನಿಂದ ತುಂಬಿಸಿ. ತುಂಬಿಸುವಾಗ ಒಬ್ಬರು ಎಂಜಿನ್ನನ್ನು ಆಚೆ ಈಚೆ ಆಡಿಸುತ್ತಿರಬೇಕು.

ಎಂಜಿನ್ ಸಲೀಸಾಗಿದ್ದರೆ ಮುಂದೆ ಹೋಗಿ ವೀಲ್ ತಿರುಗಿಸಿ. ಬರೀ ಕೇಬಲ್ ಅಷ್ಟೇ ಇರುವುದರಿಂದ ಹಗುರಾಗಿ ತಿರುಗಬೇಕು. ಬಿಗಿಯಾಗಿದ್ದರೆ ಟಿಲ್ಟ್ ಟ್ಯೂಬಿನ ಬಾಯಲ್ಲಿರುವ ದೊಡ್ಡ ನಟ್ ಬಿಚ್ಚಿ, ಸರಳನ್ನು ಟ್ಯೂಬಿನಿಂದ ಪೂರ್ತಿ ಹೊರಗೆ ಎಳೆಯಿರಿ. ಮತ್ತೆ ವೀಲ್ ತಿರುಗಿಸಿ. ಈಗ ಹಗುರಾಯಿತಾ? ಹಾಗಾದರೆ ತೊಂದರೆ ಇದ್ದದ್ದು ಟ್ಯೂಬಿನಲ್ಲಿ. ನಿಮ್ಮ ಖರ್ಚು ಉಳಿಯಿತು. ಇನ್ನೂ ಬಿಗಿಯೇ ಇದ್ದರೆ ಕೇಬಲ್ಲನ್ನು ಹೆಲ್ಮಿನಿಂದಲೂ ಬಿಡಿಸಿ, ಬರೀ ವೀಲ್ ತಿರುಗಿಸಿ. ಹೆಲ್ಮ್ ಹಗುರಾಗಿ ತಿರುಗಿದರೆ ಉಳಿದದ್ದು ಕೇಬಲ್ ಒಂದೇ.

ಬಿಗಿ ಇಲ್ಲ, ಆದರೆ ವೀಲಿನಲ್ಲಿ ಆಟ (ಸಡಿಲ) ಜಾಸ್ತಿ ಆಗಿದೆ ಅನ್ನುವವರು ಈ ಕೆಲಸಕ್ಕೆ ಇಬ್ಬರಾಗಿ. ಏನನ್ನೂ ಬಿಡಿಸದೆ ಒಬ್ಬರು ವೀಲನ್ನು ಸ್ವಲ್ಪ ಸ್ವಲ್ಪ ಆಡಿಸಲಿ, ಇನ್ನೊಬ್ಬರು ಹಿಂದೆ ಬೆರಳಿಟ್ಟು ನೋಡಲಿ. ಲಿಂಕ್ ರಾಡಿನ ತೂತು ಸವೆದಿದ್ದರೆ ಬೆರಳಿಗೇ ಗೊತ್ತಾಗುತ್ತದೆ. ವೀಲ್ ಅಲ್ಲಾಡಿದರೂ ಸರಳು ಅಲ್ಲಾಡದಿದ್ದರೆ ಸವೆತ ಹೆಲ್ಮಿನಲ್ಲೋ ಕೇಬಲ್ಲಿನಲ್ಲೋ ಇದೆ.

ಸರಳು ಟ್ಯೂಬಿನಲ್ಲಿ ಸಿಕ್ಕಿಕೊಂಡರೆ

ಇದೇ ಈ ಕೆಲಸದ ಕಷ್ಟದ ಭಾಗ. ಇಲ್ಲಿ ಅವಸರ ಮಾಡಿದವರು ಟ್ಯೂಬ್ ಹಾಳು ಮಾಡಿಕೊಳ್ಳುತ್ತಾರೆ. ಟ್ಯೂಬ್ ಹಾಳಾದರೆ ಬ್ರಾಕೆಟ್ ಸಮೇತ ಎಂಜಿನ್ ಬಿಚ್ಚಬೇಕು.

ತುಕ್ಕು ಬಿಡಿಸುವ ಎಣ್ಣೆಯನ್ನು ಎರಡೂ ಬಾಯಿಗೆ ಬಿಟ್ಟು ರಾತ್ರಿಯಿಡೀ ಇರಲಿ. ಬೆಳಿಗ್ಗೆ ಮತ್ತೆ ಬಿಡಿ. ನಾವು ಮೂರು ದಿನ ಹಾಗೆ ಬಿಟ್ಟೆವು. ಆಮೇಲೆ ಸರಳಿನ ತುದಿಗೆ ಗಟ್ಟಿ ಮರದ ತುಂಡು ಇಟ್ಟು ಹೊಡೆಯಿರಿ. ಸುತ್ತಿಗೆಯನ್ನು ನೇರ ಸರಳಿಗೆ ಹೊಡೆಯಬೇಡಿ. ತುದಿ ಹೂವಿನಂತೆ ಅರಳಿಬಿಟ್ಟರೆ ಟ್ಯೂಬಿನಿಂದ ಎಂದೂ ಬರುವುದಿಲ್ಲ. ಸರಳು ಒಳಗೆ ಹೋದ ಮೇಲೆ ತಳ್ಳಲು ಹಿತ್ತಾಳೆಯ ಸರಳು ಒಳ್ಳೆಯದು. ಬ್ಲೋ ಲ್ಯಾಂಪಿನ ಬಿಸಿಯೂ ಕೆಲಸ ಮಾಡುತ್ತದೆ, ಆದರೆ ಮೊದಲು ಪೆಟ್ರೋಲ್ ಟ್ಯಾಂಕ್ ಮತ್ತು ಪೈಪನ್ನು ಬೋಟಿನಿಂದ ಇಳಿಸಿ ದೂರ ಇಡಿ. ಚೆಲ್ಲಿದ ಎಣ್ಣೆ ಒರೆಸಿ. ಬೋಟಿನ ತಳದಲ್ಲಿ ಪೆಟ್ರೋಲಿನ ವಾಸನೆ ಸ್ವಲ್ಪ ಇದ್ದರೂ ಬೆಂಕಿ ಹಚ್ಚಬೇಡಿ.

ನಮ್ಮ ಸರಳು ಹೊರಬಂದಾಗ ಅದರ ಜೊತೆ ಬಂದದ್ದು ಕಪ್ಪು ಕಂದು ಬಣ್ಣದ ಪುಡಿ. ಬೆರಳಲ್ಲಿ ಉಜ್ಜಿದರೆ ಮರಳಿನ ಹಾಗೆ ಕಿರಕಿರ ಅನ್ನುತ್ತಿತ್ತು. ಗ್ರೀಸ್, ತುಕ್ಕು, ಹೊಳೆಯ ಕೆಸರು ಎಲ್ಲ ಸೇರಿ ಅರೆದ ಹಾಗಿತ್ತು. ನಾನು ನಾಲ್ಕು ತಿಂಗಳು ಹೊಡೆದ ಹೊಸ ಗ್ರೀಸ್ ಅದರ ಮೇಲೆ ತೆಳ್ಳಗೆ ಪದರವಾಗಿ ಹಾಗೇ ಇತ್ತು. ಒಳಗೆ ಇಳಿದೇ ಇರಲಿಲ್ಲ.

ಟ್ಯೂಬ್ ತೊಳೆಯಲು ನನ್ನ ಅಳಿಯ, ಅಕ್ಕನ ಮಗ, ಒಂದು ಉಪಾಯ ಮಾಡಿದ. ಅಡಿಕೆ ದಬ್ಬೆಯನ್ನು ಕತ್ತಿಯಿಂದ ಹೆರೆದು ಬೆರಳು ದಪ್ಪದ ಕೋಲು ಮಾಡಿದ. ತುದಿಯನ್ನು ಎರಡು ಇಂಚು ಸೀಳಿ, ಸೀಳಿನಲ್ಲಿ ಎಮೆರಿ ಕಾಗದ ಸಿಕ್ಕಿಸಿ ಸುತ್ತಿದ. ಸೀಮೆಎಣ್ಣೆಯಲ್ಲಿ ಅದ್ದಿ ಟ್ಯೂಬಿನೊಳಗೆ ತಿರುಗಿಸುತ್ತಾ ಹೋದ. ಮೊದಲು 120 ನಂಬರ್, ಆಮೇಲೆ 220. "ಮಾವ, ಆಚೆ ಬೆಳಕು ಕಾಣ್ತಾ ಇದೆ ನೋಡಿ" ಅಂದ. ಟ್ಯೂಬಿನ ಒಳಗೋಡೆ ನುಣ್ಣಗೆ ಕಾಣುವವರೆಗೆ ಮಾಡಿ. ಕೊನೆಗೆ ಬಟ್ಟೆ ತೂರಿಸಿ ಪುಡಿಯೆಲ್ಲ ತೆಗೆಯಿರಿ. ಪುಡಿ ಉಳಿದರೆ ಹೊಸ ಸರಳನ್ನು ಅದೇ ತಿನ್ನುತ್ತದೆ.

ಕೇಬಲ್ ರಿಪೇರಿ ಆಗುವುದಿಲ್ಲ

ಕೇಬಲ್ಲನ್ನು ತೂಗುಹಾಕಿ ಮೇಲಿನಿಂದ ಎಂಜಿನ್ ಆಯಿಲ್ ಬಿಟ್ಟರೆ ಸರಿಹೋಗುತ್ತದೆ ಅಂತ ನನಗೂ ಹೇಳಿದವರಿದ್ದಾರೆ. ದಯವಿಟ್ಟು ಮಾಡಬೇಡಿ. ಒಳಗಿನ ತಂತಿಗೆ ಕಾರ್ಖಾನೆಯಲ್ಲೇ ಗ್ರೀಸ್ ಹಾಕಿ ಮುಚ್ಚಿರುತ್ತಾರೆ. ಹೊರಗಿನ ಪ್ಲಾಸ್ಟಿಕ್ ಕವಚ ಒಡೆದು ನೀರು ಹೊಕ್ಕಿತು ಅಂದರೆ ತಂತಿ ತುಕ್ಕು ಹಿಡಿದು ಉಬ್ಬುತ್ತದೆ. ಎಣ್ಣೆ ಬಿಟ್ಟರೆ ನಾಲ್ಕು ದಿನ ಹಗುರ ಅನ್ನಿಸುತ್ತದೆ. ಆ ನಾಲ್ಕು ದಿನದ ಧೈರ್ಯವೇ ಅಪಾಯ.

ನಮ್ಮದನ್ನು ಹೊರಗೆಳೆದು ಅಂಗಳದಲ್ಲಿ ಹಾಸಿ ನೋಡಿದೆವು. ಡ್ಯಾಶ್‌ಬೋರ್ಡಿನ ಕೆಳಗೆ, ಕೇಬಲ್ ಬಾಗುವ ಜಾಗದಲ್ಲಿ, ಇಲಿ ಕಡಿದು ಹೆಬ್ಬೆರಳಿನಷ್ಟು ಕವಚ ತೆಗೆದಿತ್ತು. ಅಲ್ಲಿ ತಂತಿಯ ಎಳೆಗಳು ತುಂಡಾಗಿ ಹಳೇ ಪೊರಕೆಯ ಕಡ್ಡಿಗಳ ಹಾಗೆ ಸೆಟೆದು ನಿಂತಿದ್ದವು. ಆವತ್ತು ವೀಲ್ ವಾಪಸ್ ಬರದೆ ಸಿಕ್ಕಿಕೊಂಡಿದ್ದು ಈ ಎಳೆಗಳು ಕವಚದೊಳಗೆ ಮಡಚಿಕೊಂಡಿದ್ದರಿಂದ. ಆ ಎಳೆಗಳನ್ನು ಮುಟ್ಟಿ ನೋಡಿದಾಗ ಅಮ್ಮ ಆ ಚೀಲದ ಮೇಲೆ ಕೂತಿದ್ದು ಕಣ್ಣ ಮುಂದೆ ಬಂತು.

ನಿಮ್ಮ ಕೇಬಲ್ಲಿನಲ್ಲಿ ಬಿರುಕು, ಉಬ್ಬು, ಇಲಿ ಕಡಿತ, ತುದಿಯಲ್ಲಿ ತುಕ್ಕಿನ ಕಲೆ, ಇವುಗಳಲ್ಲಿ ಒಂದು ಕಂಡರೂ ಬದಲಿಸಿ. ಕೇಬಲ್ ಹೊರಗಿನಿಂದ ಚೆನ್ನಾಗಿದ್ದು, ಎರಡೂ ತುದಿ ಬಿಡಿಸಿದ ಮೇಲೂ ಬಿಗಿಯಾಗಿ ಓಡಿದರೆ ಆಗಲೂ ಬದಲಿಸಬೇಕು.

ಅಳತೆ ತಪ್ಪಬಾರದು

ಎಷ್ಟು ಉದ್ದದ ಕೇಬಲ್ ತರಬೇಕು? ಹಳೇ ಕೇಬಲ್ಲಿನ ಕವಚದ ಮೇಲೆ ನಂಬರ್ ಅಚ್ಚಾಗಿರುತ್ತದೆ. ತುಂಬಾ ಕೇಬಲ್ಲುಗಳಲ್ಲಿ ಕೊನೆಯ ಎರಡು ಅಂಕಿಯೇ ಅಡಿ ಲೆಕ್ಕದ ಉದ್ದ. ಕೊನೆಯಲ್ಲಿ 14 ಇದ್ದರೆ 14 ಅಡಿ. ನಮ್ಮದರಲ್ಲಿ ಅಕ್ಷರ ಅಳಿಸಿಹೋಗಿತ್ತು. ಆಗ ಹೀಗೆ ಮಾಡಿ. ಲೋಹದ ತುದಿಗಳನ್ನು ಬಿಟ್ಟು ಬರೀ ಪ್ಲಾಸ್ಟಿಕ್ ಕವಚದ ಉದ್ದವನ್ನು ಇಂಚಿನಲ್ಲಿ ಅಳೆಯಿರಿ. ಹೆಲ್ಮ್ ದುಂಡಗಿನ ಗೇರಿನದಾದರೆ ಅದಕ್ಕೆ 18 ಇಂಚು ಸೇರಿಸಿ. ಉದ್ದನೆಯ ಹಲ್ಲುಪಟ್ಟಿ ಇರುವ ರ‍್ಯಾಕ್ ಮಾದರಿಯಾದರೆ 30 ಇಂಚು ಸೇರಿಸಿ. ಬಂದದ್ದನ್ನು ಮುಂದಿನ ಪೂರ್ತಿ ಅಡಿಗೆ ಏರಿಸಿ. ನಮ್ಮ ಕವಚ 146 ಇಂಚು ಇತ್ತು. 18 ಸೇರಿ 164. ಅಂದರೆ 13 ಅಡಿ 8 ಇಂಚು. 14 ಅಡಿಯ ಕೇಬಲ್ ತರಿಸಿದೆವು, ಸರಿಯಾಗಿ ಕೂತಿತು.

ಗಿಡ್ಡ ತಂದರೆ ಕೇಬಲ್ ಬಿಗಿದು ಬಾಗುತ್ತದೆ. ಉದ್ದ ತಂದರೆ ಹೆಚ್ಚುವರಿ ಸುತ್ತು ಎಲ್ಲೋ ಮಡಚಿ ಕೂರುತ್ತದೆ. ಎರಡೂ ವೀಲನ್ನು ಭಾರ ಮಾಡುತ್ತವೆ.

ಕೇಬಲ್ ಒಂದೇ ತರಬೇಕಾ, ಹೆಲ್ಮ್ ಸಮೇತ ಸೆಟ್ ತರಬೇಕಾ? ನನ್ನ ಅಭಿಪ್ರಾಯ ಸೆಟ್ ತನ್ನಿ ಅಂತ. ಇಪ್ಪತ್ತು ವರ್ಷ ಓಡಿದ ಗೇರಿನ ಹಲ್ಲು ಸವೆದಿರುತ್ತದೆ. ಹೊಸ ಮಾದರಿಯ ಕೇಬಲ್ ಹಳೇ ಹೆಲ್ಮಿಗೆ ಕೂರದೇ ಇರುವುದೂ ಉಂಟು. ಹೊಸ ಸೆಟ್ಟುಗಳಲ್ಲಿ ನೋ ಫೀಡ್‌ಬ್ಯಾಕ್ ಅನ್ನುವ ಹೆಲ್ಮ್ ಸಿಗುತ್ತದೆ. ಪ್ರೊಪೆಲ್ಲರಿನ ಎಳೆತ ವೀಲಿಗೆ ಬರದಂತೆ ಅದು ತಡೆಯುತ್ತದೆ. ವಯಸ್ಸಾದವರು ಓಡಿಸುವ ಬೋಟಾದರೆ ಅದನ್ನೇ ಹಾಕಿಸಿ. ಹೈಡ್ರಾಲಿಕ್ ಸ್ಟೇರಿಂಗ್ ಇನ್ನೂ ಹಗುರ. ಆದರೆ ಪಂಪು, ಪೈಪು, ಎಣ್ಣೆ, ಗಾಳಿ ತೆಗೆಯುವುದು ಎಲ್ಲ ಬೇಕು. 40 ಎಚ್‌ಪಿಗೆ ಅದರ ಅಗತ್ಯ ಇಲ್ಲ.

ಹೊಸದು ಹಾಕುವುದು

ಹಳೇ ಕೇಬಲ್ ಎಳೆಯುವ ಮೊದಲು ಅದರ ತುದಿಗೆ ನೈಲಾನ್ ಹಗ್ಗ ಕಟ್ಟಿ. ಕೇಬಲ್ ಹೊರಬಂದಾಗ ಹಗ್ಗ ಆ ದಾರಿಯಲ್ಲೇ ಉಳಿಯುತ್ತದೆ. ಅದೇ ಹಗ್ಗಕ್ಕೆ ಹೊಸದನ್ನು ಕಟ್ಟಿ ಎಳೆದರೆ ಆಯಿತು. ಇದನ್ನು ಮರೆತರೆ ಪಕ್ಕೆಯ ಹಲಗೆ ಬಿಚ್ಚಬೇಕಾಗುತ್ತದೆ.

ವೀಲ್ ತೆಗೆಯುವಾಗ ನಡುವಿನ ನಟ್ಟನ್ನು ಪೂರ್ತಿ ಬಿಚ್ಚಬೇಡಿ. ಶಾಫ್ಟಿನ ತುದಿಗೆ ಸಮವಾಗಿ ಬಿಡಿ. ಶಾಫ್ಟು ಓರೆಯಾಗಿ ಸಣ್ಣಗಾಗುತ್ತಾ ಬಂದಿರುತ್ತದೆ, ವೀಲ್ ಅದರ ಮೇಲೆ ಕಚ್ಚಿಕೊಂಡಿರುತ್ತದೆ. ಪುಲ್ಲರ್, ಅಂದರೆ ಎಳೆದು ಬಿಡಿಸುವ ಸಾಧನ ಹಾಕಿದರೆ ಟಕ್ ಅಂತ ಬಿಡುತ್ತದೆ. ನಟ್ ಅಲ್ಲೇ ಇದ್ದರೆ ವೀಲ್ ಮುಖಕ್ಕೆ ಹಾರುವುದಿಲ್ಲ, ಶಾಫ್ಟಿನ ತಿರುಪಿನ ಸುತ್ತುಗಳೂ ಹಾಳಾಗುವುದಿಲ್ಲ. ಶಾಫ್ಟಿನ ಕಚ್ಚಿನಲ್ಲಿ ಅರ್ಧಚಂದ್ರದ ಆಕಾರದ ಸಣ್ಣ ಕೀ ಇರುತ್ತದೆ. ಅದನ್ನು ಬಟ್ಟಲಿನಲ್ಲಿ ಎತ್ತಿಡಿ.

ಕೇಬಲ್ ಬಾಗಿಸುವಾಗ ಒಂದು ಲೆಕ್ಕ ನೆನಪಿರಲಿ. ಬಾಗಿನ ತ್ರಿಜ್ಯ 8 ಇಂಚಿಗಿಂತ ಕಡಿಮೆ ಆಗಬಾರದು. ನಮ್ಮ ಮನೆಯ ದೊಡ್ಡ ಮೊರ ಹೆಚ್ಚುಕಡಿಮೆ 16 ಇಂಚು ಅಗಲ ಇದೆ. ಅದರ ಅಂಚಿಗಿಂತ ಕಿರಿದಾದ ಸುತ್ತು ಎಲ್ಲೂ ಬರದಂತೆ ನೋಡಿಕೊಂಡೆವು.

ಸರಳಿಗೆ ಮೆರೀನ್ ಗ್ರೀಸ್ ಚೆನ್ನಾಗಿ ಸವರಿ ಟ್ಯೂಬಿಗೆ ತೂರಿಸಿ, ದೊಡ್ಡ ನಟ್ ಬಿಗಿಯಿರಿ. ಟ್ರ್ಯಾಕ್ಟರಿಗೆ ಹಾಕುವ ಸಾದಾ ಗ್ರೀಸ್ ನೀರಿಗೆ ತಡೆಯುವುದಿಲ್ಲ. ಇನ್ನೊಂದು ಮಾತು. ಮುಂದೆ ಯಾವಾಗ ಟಿಲ್ಟ್ ಟ್ಯೂಬಿನ ನಿಪ್ಪಲ್ಲಿಗೆ ಗ್ರೀಸ್ ಹೊಡೆದರೂ ಸರಳು ಪೂರ್ತಿ ಒಳಗಿರಬೇಕು. ಸರಳು ಹೊರಗಿದ್ದಾಗ ಹೊಡೆದರೆ ಖಾಲಿ ಜಾಗದಲ್ಲಿ ಗ್ರೀಸ್ ತುಂಬಿಕೊಂಡು ಸರಳು ವಾಪಸ್ ಬರಲು ಜಾಗವೇ ಇರುವುದಿಲ್ಲ. ಸ್ಟೇರಿಂಗ್ ಅಲ್ಲೇ ಲಾಕ್ ಆಗುತ್ತದೆ.

ಲಿಂಕ್ ರಾಡಿಗೆ ಹೊಸ ನೈಲಾಕ್ ನಟ್ಟುಗಳನ್ನೇ (ಒಳಗೆ ನೈಲಾನ್ ಬಳೆ ಇರುವವು) ಹಾಕಿ. ಒಮ್ಮೆ ಬಿಚ್ಚಿದ ನಟ್ಟಿನ ನೈಲಾನ್ ಸಡಿಲವಾಗಿರುತ್ತದೆ. ಸಾದಾ ನಟ್ ಅಂತೂ ಬೇಡವೇ ಬೇಡ, ಎಂಜಿನ್ನಿನ ನಡುಕಕ್ಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸರಳಿನ ಕಡೆಯ ನಟ್ಟನ್ನು ಕೂರುವವರೆಗೆ ಬಿಗಿದು ಕಾಲು ಸುತ್ತು ಹಿಂದೆ ಬಿಡಿ. ಆ ಕೀಲು ಆಡಬೇಕು. ಎಂಜಿನ್ ತೋಳಿನ ಕಡೆಯ ಬೋಲ್ಟಿಗೆ ನಿಮ್ಮ ಎಂಜಿನ್ ಪುಸ್ತಕದಲ್ಲಿರುವ ಟಾರ್ಕ್, ಅಂದರೆ ಬಿಗಿಯುವ ಬಲ ಕೊಡಿ.

ನೀರಿಗೆ ಇಳಿಸುವ ಮೊದಲು

ವೀಲನ್ನು ಬಲಕ್ಕೆ ತಿರುಗಿಸಿ ಹಿಂದೆ ಹೋಗಿ ನೋಡಿ. ಎಂಜಿನ್ನಿನ ಮುಂದಿನ ತೋಳು ಎಡಕ್ಕೆ ಹೋಗಬೇಕು, ಪ್ರೊಪೆಲ್ಲರ್ ಬಲಕ್ಕೆ ಬರಬೇಕು. ಆಗಲೇ ಬೋಟು ಬಲಕ್ಕೆ ತಿರುಗುವುದು. ಉಲ್ಟಾ ಆಗಿದ್ದರೆ ಕೇಬಲ್ ಹೆಲ್ಮಿಗೆ ತಪ್ಪು ಕಡೆಯಿಂದ ಹೊಕ್ಕಿದೆ ಅಂತ ಅರ್ಥ.

ಈ ಕೊನೆಯಿಂದ ಆ ಕೊನೆಗೆ ಎಷ್ಟು ಸುತ್ತು ಅಂತ ಎಣಿಸಿ. ನಡುವಿನಿಂದ ಎರಡೂ ಕಡೆ ಸಮ ಇರಬೇಕು. ಆಮೇಲೆ ಎಂಜಿನ್ನನ್ನು ಪೂರ್ತಿ ಮೇಲೆತ್ತಿ ಮತ್ತೆ ಎರಡೂ ಕಡೆ ತಿರುಗಿಸಿ. ಕೇಬಲ್ಲು ಹಿಂಬದಿ ಹಲಗೆಗೆ ಉಜ್ಜಬಾರದು, ಪೆಟ್ರೋಲ್ ಪೈಪು, ವೈರು ಸಿಕ್ಕಬಾರದು.

ಮೊದಲ ಓಡಾಟ ಬೊಡ್ಡೆ ಇಲ್ಲದ ಜಾಗದಲ್ಲಿ, ನಿಧಾನಕ್ಕೆ. ಲೈಫ್ ಜಾಕೆಟ್, ಎರಡು ಹುಟ್ಟು ಕಡ್ಡಾಯ. ಎಂಜಿನ್ ನಿಲ್ಲಿಸುವ ದಾರ ಮಣಿಕಟ್ಟಿಗೆ ಕಟ್ಟಿಕೊಳ್ಳಿ. ಎಲ್ಲ ಸರಿಯಿದ್ದೂ ವೇಗದಲ್ಲಿ ಬೋಟು ಒಂದೇ ಕಡೆ ಎಳೆದರೆ ಪ್ರೊಪೆಲ್ಲರಿಗಿಂತ ಮೇಲುಗಡೆ ಎಂಜಿನ್ನಿಗೆ ಕೂತಿರುವ ಸಣ್ಣ ರೆಕ್ಕೆ, ಅಂದರೆ ಟ್ರಿಮ್ ಟ್ಯಾಬ್ ನೋಡಿ. ಬಲಕ್ಕೆ ಎಳೆದರೆ ಅದರ ಹಿಂತುದಿಯನ್ನು ಸ್ವಲ್ಪ ಬಲಕ್ಕೆ ಸರಿಸಿ ಬಿಗಿಯಿರಿ. ಎಡಕ್ಕೆ ಎಳೆದರೆ ಎಡಕ್ಕೆ.

ಮಳೆಗಾಲಕ್ಕೆ ಬೋಟು ಶೆಡ್ಡಿಗೆ ಹಾಕುವಾಗ ಸರಳು ಪೂರ್ತಿ ಟ್ಯೂಬಿನ ಒಳಗೆ ಹೋಗುವಂತೆ ವೀಲ್ ತಿರುಗಿಸಿ ಬಿಡಿ. ನಮ್ಮದರಲ್ಲಿ ಕೇಬಲ್ ಬಲಗಡೆಯಿಂದ ಹೊಗುವುದರಿಂದ ವೀಲ್ ಎಡಕ್ಕೆ. ಡ್ಯಾಶ್‌ಬೋರ್ಡಿನ ಕೆಳಗೆ ಕೇಬಲ್ಲಿಗೆ ತಗಡಿನ ಕವಚ ಸುತ್ತಿದ್ದೇವೆ, ಇಲಿಗೆ. ಮಳೆ ಹೊಳವು ಕೊಟ್ಟಾಗ, ಹದಿನೈದು ದಿನಕ್ಕೊಮ್ಮೆ, ಅಳಿಯ ಶೆಡ್ಡಿಗೆ ಹೋಗಿ ವೀಲನ್ನು ನಾಲ್ಕು ಸಲ ಆಚೆ ಈಚೆ ತಿರುಗಿಸಿ ಬರುತ್ತಾನೆ.